ಲವಂಗ ಅರಳಿದ ವರ್ಷ

"ಗುರುಗಳೇ, ಈ ವರ್ಷ ಲವಂಗದ ದ್ವೀಪಕ್ಕೆ ಹಡಗು ಕಳಿಸುವುದಿಲ್ಲ ಎಂದು ನನ್ನ ತಂದೆ ಹೇಳುತ್ತಿದ್ದಾರೆ. ಬೇರೆ ಕಡೆ ಅಗ್ಗವಾಗಿ ಸಿಗುತ್ತದಂತೆ. ನಾವು ಹೋಗದಿದ್ದರೆ ಅಲ್ಲಿ ರಕ್ತ ಹರಿಯುತ್ತದೆ ಎಂದು ನಾವಿಕರು ಹೆದರಿಸುತ್ತಾರೆ. ಬಡಿದಾಡುವವರು ಹಡಗು ಬಂದರೂ ಬಡಿದಾಡುತ್ತಾರೆ, ಬಾರದಿದ್ದರೂ ಬಡಿದಾಡುತ್ತಾರೆ. ಅದರಲ್ಲಿ ವರ್ತಕನ ಪಾಲೇನು?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಉತ್ತರವನ್ನು ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಬಂದಿದ್ದೀಯ. ಇರಲಿ. ನಾನು ಹುಟ್ಟಿದ್ದು ಆ ದ್ವೀಪದಲ್ಲೇ. ಅಲ್ಲಿನ ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಅಲ್ಲಿ ಒಂದೇ ಬೆಟ್ಟ, ಎರಡು ಊರು. ಮೇಲೂರಿಗೂ ಕೆಳಗಿನೂರಿಗೂ ಒಂದು ಒರತೆಯ ನೀರಿಗಾಗಿ ತಾತಂದಿರ ಕಾಲದ ಜಗಳ. ಬಿಡಿಸಬೇಕಾದ ದೊರೆ ಹೆಸರಿಗೆ ಮಾತ್ರ ದೊರೆ. ಅವನ ಮಾತು ಅರಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಒಂದು ವರ್ಷ ದೂರದೇಶದ ವರ್ತಕನೊಬ್ಬ ಬಂದು, ಲವಂಗ ಎಷ್ಟಿದ್ದರೂ ಅಕ್ಕಿ ಕೊಟ್ಟು ಕೊಳ್ಳುತ್ತೇನೆ ಎಂದ. ಲವಂಗವೆಂದರೆ ಮೊಗ್ಗು. ಕೆಂಪಾದ ನಾಲ್ಕೈದು ದಿನಗಳಲ್ಲಿ ಬಿಡಿಸಬೇಕು. ಅರಳಿದರೆ ಮೂಸಿ ನೋಡುವವರೂ ಇಲ್ಲ. ಅದು ಕೆಳಗಿನೂರಿನಲ್ಲಿ ಮೊದಲು ಕೆಂಪಾಗುತ್ತಿತ್ತು, ಹದಿನೈದು ದಿನದ ಮೇಲೆ ಮೇಲೂರಿನಲ್ಲಿ. ಯಾವ ಊರಿಗೂ ತನ್ನ ಕೈಗಳಷ್ಟೇ ಸಾಲುತ್ತಿರಲಿಲ್ಲ. ಹಾಗಾಗಿ ಮೇಲಿನವರು ಇಳಿದು ಬಂದರು, ಆಮೇಲೆ ಕೆಳಗಿನವರು ಹತ್ತಿ ಹೋದರು. ಎತ್ತರದ ಕೊಂಬೆ ಎಳೆಯಲು ದೋಟಿ ಬೇಕಾಯಿತು. ಎಲ್ಲರೂ ಮನೆಯ ಈಟಿಗಳನ್ನು ಕೆಳಗಿನೂರಿನ ಒಬ್ಬ ಕಮ್ಮಾರನ ಬಳಿಗೆ ತಂದರು. ಅವನು ಮೊನೆ ಕಾಯಿಸಿ, ಬಗ್ಗಿಸಿ, ಕೊಕ್ಕೆ ಮಾಡಿಕೊಟ್ಟ.

ಎಂಥ ದಿನಗಳವು! ಹಡಗು ತರುವ ಅಕ್ಕಿಯೇ ಕೂಲಿ, ಹಾಗಾಗಿ ಪ್ರತಿವರ್ಷವೂ ಹಾಯಿ ಕಂಡ ಮೇಲೆಯೇ ಕೊಯ್ಲು ಶುರು. ಚಾಪೆಯ ಮೇಲೆ ಒಣಗುವ ಲವಂಗದ ವಾಸನೆ ಮಕ್ಕಳ ತಲೆಗೂದಲಿಗೂ ಹತ್ತಿರುತ್ತಿತ್ತು. ಎರಡೂ ಊರಿನವರು ಒಂದೇ ಮರದಡಿ ಕೂತು ಉಣ್ಣುತ್ತಿದ್ದರು. ಒರತೆಯ ಜಗಳವೇನೂ ತೀರಿರಲಿಲ್ಲ, ಜಗಳವಾಡಲು ಯಾರಿಗೂ ಪುರಸೊತ್ತಿರಲಿಲ್ಲ. ಕಮ್ಮಾರ ತನ್ನ ಒಬ್ಬಳೇ ಮಗಳನ್ನು ಮೇಲೂರಿಗೇ ಕೊಟ್ಟ.

ಹನ್ನೊಂದನೆಯ ವರ್ಷ ಹಾಯಿ ಕಾಣಲಿಲ್ಲ. ಜನ ದಂಡೆಯಲ್ಲಿ ನಿಂತು ಕಾದರು. ಮೊಗ್ಗು ಕೆಂಪಾಯಿತು, ಬಿರಿಯಿತು, ಬೆಟ್ಟವೆಲ್ಲ ಹೂವಾಯಿತು. ಲವಂಗದ ಹೂವನ್ನು ಮೊದಲ ಸಲ ಕಂಡ ಮಕ್ಕಳು ಕುಣಿದರು. ದೊಡ್ಡವರು ಅತ್ತರು.

ಕೈಗೆ ಕೆಲಸವಿಲ್ಲ, ಮಡಕೆಯಲ್ಲಿ ಅಕ್ಕಿಯಿಲ್ಲ. ಒರತೆಯ ಮಾತು ಮತ್ತೆ ಎದ್ದಿತು. ಈಟಿ ಹಿಡಿದವನಿಗೆ ಎರಡು ಹೊತ್ತಿನ ಊಟ ಎಂದು ಕೆಳಗಿನೂರಿನ ನಾಯಕ ಸಾರಿದ. ಜನ ದೋಟಿಗಳನ್ನು ತಂದು ಕಮ್ಮಾರನ ಮುಂದೆ ರಾಶಿ ಹಾಕಿದರು.

"ಇವನ್ನು ನೆಟ್ಟಗೆ ಮಾಡಿಕೊಡಪ್ಪ."

"ಮೇಲೂರಿನಲ್ಲಿ ನನ್ನ ಮಗಳಿದ್ದಾಳೆ ಕಣ್ರಪ್ಪಾ."

"ನಮ್ಮ ಮನೆಯಲ್ಲೂ ಮಕ್ಕಳಿದ್ದಾರೆ. ಉಂಡು ಮೂರು ದಿನವಾಯಿತು."

ಕಮ್ಮಾರನ ಮನೆಯ ಒಲೆಯೂ ತಣ್ಣಗಿತ್ತು. ಅವನು ತಿದಿ ಒತ್ತಿದ. ಆ ಈಟಿಗಳಲ್ಲೊಂದು ಅವನ ಅಳಿಯನನ್ನು ಕೊಂದಿತು. ಮತ್ತೆ ಹಡಗು ಬರುವಷ್ಟರಲ್ಲಿ ಎರಡೂ ಊರು ಅರ್ಧ ಖಾಲಿಯಾಗಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ, "ಆ ಕಮ್ಮಾರ ಏನಾದ?"

"ಮತ್ತೆ ಸುತ್ತಿಗೆ ಮುಟ್ಟಲಿಲ್ಲ. ಕಡಲು ದಾಟಿ ಬಂದು, ವರ್ತಕರ ಮಕ್ಕಳಿಗೆ ಪಾಠ ಹೇಳುತ್ತ ಕೂತ."

ಶಿಷ್ಯ ಗುರುಗಳ ಅಂಗೈಯಲ್ಲಿದ್ದ ಹಳೆಯ ಸುಟ್ಟ ಕಲೆಗಳನ್ನು ನೋಡಿದ. "ಹಾಗಾದರೆ ತಪ್ಪು ಹಡಗು ನಿಲ್ಲಿಸಿದವನದೋ, ಈಟಿ ಮಾಡಿಕೊಟ್ಟವನದೋ?" ಎಂದ ಮೆಲ್ಲಗೆ.

ಗುರುಗಳು ಹೇಳಿದರು: "ಅದನ್ನು ಆಮೇಲೆ ವಿಚಾರಿಸೋಣ, ಮೊಗ್ಗು ಕೆಂಪಾಗಲು ಇನ್ನು ಇಪ್ಪತ್ತು ದಿನವಿದೆ, ನಿನ್ನ ತಂದೆಯ ಹಡಗಿಗೆ ಹದಿನೆಂಟು ದಿನದ ದಾರಿ."