ಒರಳಿಗೆ ಹತ್ತಿದ ಕೆಂಪು

“ಗುರುಗಳೇ, ಮಾಡಿದ ತಪ್ಪನ್ನು ಗುರುತು ಸಿಗದಂತೆ ಸರಿಪಡಿಸಿಯಾಗಿದೆ. ಆಮೇಲೂ ಅದನ್ನು ಬಾಯಿಬಿಟ್ಟು ಹೇಳಲೇಬೇಕೆ?” ಎಂದು ಶಿಷ್ಯ ಕೊಟ್ರಯ್ಯ ಕೇಳಿದ.

“ಯಾವ ತಪ್ಪು?” ಎಂದರು ಗುರುಗಳು.

ಕೊಟ್ರಯ್ಯ ನಡೆದದ್ದನ್ನು ಹೇಳಿದ. ಮಠದ ಉಗ್ರಾಣದಲ್ಲಿ ತುಪ್ಪದ ಡಬ್ಬಿ ಕಾಣದಿದ್ದಾಗ, ಅಡುಗೆಮನೆಯ ನಾಗವ್ವನೇ ಅದನ್ನು ಸಾಗಿಸಿರಬೇಕು ಎಂದು ಅವನು ನಾಲ್ಕು ಜನರ ಮುಂದೆ ಆಡಿದ್ದ. ಡಬ್ಬಿ ಆಮೇಲೆ ಅಕ್ಕಿ ಮೂಟೆಯ ಹಿಂದೆಯೇ ಸಿಕ್ಕಿತು. ಅವನು ಆ ನಾಲ್ವರ ಬಳಿಗೂ ಹೋಗಿ ತನ್ನ ಮಾತನ್ನು ಹಿಂತೆಗೆದುಕೊಂಡ. ಈಗ ಯಾರೂ ಆ ಸುದ್ದಿ ಎತ್ತುವುದಿಲ್ಲ. ನಾಗವ್ವ ಮಾತ್ರ ಉಗ್ರಾಣದ ಬೀಗದ ಕೈಯನ್ನು ಮುಟ್ಟುವುದನ್ನೇ ಬಿಟ್ಟಿದ್ದಾಳೆ. ಅವಳ ಮುಂದೆ ಹೋಗಿ ನಿಂತರೆ ಮುಗಿದ ಮಾತನ್ನು ಮತ್ತೆ ಕೆದಕಿದಂತೆ ಆಗುವುದಿಲ್ಲವೇ ಎಂಬುದು ಕೊಟ್ರಯ್ಯನ ಸಂಶಯ.

ಗುರುಗಳು ಅದಕ್ಕೆ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗೃಹಸ್ಥನಿದ್ದ. ಅವನ ಹೆಂಡತಿ ಖಾನಾವಳಿ ನಡೆಸುತ್ತಿದ್ದಳು. ರೊಟ್ಟಿ ಬುಟ್ಟಿಗಳನ್ನು ಸಾಗಿಸಲು ಒಂದು ಕೆಂಪು ಕಾರು ಕೊಂಡಳು, ಓಡಿಸುವುದನ್ನೂ ಕಲಿತಳು. ಕಲಿಯುವಾಗ ಒಮ್ಮೆ ಹಿಂದಕ್ಕೆ ತೆಗೆಯುತ್ತ ಮನೆಯ ಗೋಡೆಗೆ ತಾಗಿಸಿದಳು. ಗಂಡನಿಗೆ ಹಬ್ಬವಾಯಿತು. ಚಹಾದಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬೀಗರ ಮನೆಯಲ್ಲಿ, ಎಲ್ಲಿ ಹೋದರೂ ಅದೇ ಪುರಾಣ. ಅಷ್ಟಕ್ಕಾದರೂ ಬಿಟ್ಟನೇ ಪುಣ್ಯಾತ್ಮ? ಮನೆಗೆ ಮಿಕ್ಸರ್ ಬಂದ ಮೇಲೆ ಹಿತ್ತಿಲಲ್ಲಿ ಬಿದ್ದಿದ್ದ ಹಳೆಯ ಒರಳುಕಲ್ಲನ್ನು ಉರುಳಿಸಿಕೊಂಡು ಬಂದು ಗೋಡೆಯ ಮೂಲೆಗೆ ನಿಲ್ಲಿಸಿದ. “ಇನ್ನ ಇಕಿ ಗುದ್ದಿದರ ಕಲ್ಲಿಗೆ ಗುದ್ದಲಿ, ಗೋಡಿ ಆದರೂ ಉಳೀತೈತಿ” ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ. ಓಣಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿ ರೊಟ್ಟಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಅವಳು ಗೋಡೆಗೂ ತಾಗಿಸಲಿಲ್ಲ, ಕಲ್ಲಿಗೂ ತಾಗಿಸಲಿಲ್ಲ.

ಒಂದು ದಿನ ಅವಳು ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಬಸ್ಸು ಹತ್ತಿ ಹೋದಳು. ಸಂಜೆಗೆ ಬರುವವಳು. ಗೃಹಸ್ಥನಿಗೆ ಕೈ ತುರಿಸಿತು. ಸುಮ್ಮನೆ ಒಂದು ಸುತ್ತು ಹೋಗಿ ಬಂದ. ಮನೆಯ ಮುಂದೆ ಬಂದು, ಕತ್ತು ಕೂಡ ತಿರುಗಿಸದೆ, ಒಂದೇ ಕೈಯಲ್ಲಿ, ಪದ ಗುನುಗುತ್ತ ಕಾರನ್ನು ಹಿಂದಕ್ಕೆ ಬಿಟ್ಟ. ದಡಕ್ಕೆಂದಿತು. ಒರಳು ಅಲ್ಲಾಡಲಿಲ್ಲ. ಕಾರಿನ ಹಿಂಬದಿಯ ಮಗ್ಗುಲು ಅಂಗೈ ಅಗಲದಷ್ಟು ಒಳಗೆ ಹೋಗಿತ್ತು.

ಅವನ ಜೀವ ಬಾಯಿಗೆ ಬಂತು. ಹೆಂಡತಿ ಬೈದರೆ ತಡೆದುಕೊಳ್ಳಬಹುದು. ಇಷ್ಟು ದಿನ ತಾನು ಆಡಿದ್ದನ್ನೆಲ್ಲ ಅವಳು ಓಣಿಯ ಮುಂದೆಯೇ ತಿರುಗಿಸಿ ಕೊಟ್ಟರೆ ಮುಖ ಎಲ್ಲಿಟ್ಟುಕೊಳ್ಳುವುದು?

ಗೇಟು ಹಾಕಿಕೊಂಡ. ಹಂಡೆಯಲ್ಲಿ ನೀರು ಕಾಯಿಸಿ ತಗ್ಗಿನ ಮೇಲೆ ಸುರಿದ. ಬಚ್ಚಲು ಕಟ್ಟಿಕೊಂಡಾಗ ಒತ್ತುತ್ತಾರಲ್ಲ, ರಬ್ಬರ್ ಬಟ್ಟಲಿನ ಕೋಲು, ಅದನ್ನು ತಂದು ತಗ್ಗಿಗೆ ಅಂಟಿಸಿ ಎಳೆದ. ತಗಡು ಜಪ್ಪಯ್ಯ ಅನ್ನಲಿಲ್ಲ. ಚಕ್ರಕ್ಕೆ ಕಾಲು ಕೊಟ್ಟು ಎಳೆದ. ರಬ್ಬರ್ ಕಿತ್ತು ಬಂದು, ಅವನು ನೇರವಾಗಿ ಹೋಗಿ ಬಕೆಟ್ಟಿನಲ್ಲಿ ಕೂತ. ಪುಣ್ಯಕ್ಕೆ ಅದರಲ್ಲಿದ್ದದ್ದು ತಣ್ಣೀರು. ಎದ್ದ, ಮತ್ತೆ ಎಳೆದ. ಟೊಪ್ಪೆಂದು ತಗಡು ತನ್ನ ಜಾಗಕ್ಕೆ ಬಂತು. ಅಂಚಿನಲ್ಲಿ ಉಳಿದ ಸಣ್ಣ ತಗ್ಗನ್ನು ಒಳಗಡೆಯಿಂದ ಲಟ್ಟಣಿಗೆಗೆ ಬಟ್ಟೆ ಸುತ್ತಿ ಮೆಲ್ಲಗೆ ಒತ್ತಿ ಒತ್ತಿ ತೆಗೆದ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಕೆಲಸ ಚೆನ್ನಾಗಿಯೇ ಮಾಡಿದ.

ಆದರೆ ಅಲ್ಲಿ ಬಣ್ಣ ಕೆತ್ತಿಹೋಗಿತ್ತು. ಪಕ್ಕದ ಮನೆಯ ಹೊಸ ಸೊಸೆಯ ಹತ್ತಿರ ಕೆಂಪು ಉಗುರುಬಣ್ಣ ಕೇಳಿದ. ಅವಳು ಕಕ್ಕಾಬಿಕ್ಕಿಯಾಗಿ ಶೀಶೆ ತಂದುಕೊಟ್ಟಳು. ಯಾರಿಗೆ ಎಂದು ಕೇಳಲಿಲ್ಲ, ಅತ್ತೆಗೆ ಮಾತ್ರ ಹೇಳಿದಳು. ಉಳಿದವರಿಗೆ ಹೇಳುವುದನ್ನು ಅತ್ತೆ ನೋಡಿಕೊಂಡಳು. ಗೃಹಸ್ಥ ಬಣ್ಣ ಬಳಿದು, ಬೀಸಣಿಗೆಯಿಂದ ಗಾಳಿ ಹಾಕಿ ಒಣಗಿಸಿ, ಹೊಸದಾಗಿ ಹೊಳೆಯದಿರಲೆಂದು ಮೇಲೊಂದು ಹಿಡಿ ಬೀದಿ ಧೂಳನ್ನೂ ಉದುರಿಸಿದ.

ಸಂಜೆ ಹೆಂಡತಿ ಬಂದಳು. ಕಾರಿನ ಸುತ್ತ ಒಮ್ಮೆ ಕಣ್ಣಾಡಿಸಿದಳು. ಏನೂ ಕಾಣಲಿಲ್ಲ. ಅವನು ಬಿಗಿಹಿಡಿದ ಉಸಿರು ಬಿಡುವಷ್ಟರಲ್ಲಿ ಅವಳು ಗೋಡೆಯ ಮೂಲೆಗೆ ತಿರುಗಿ, “ಏನ್ರೀ, ಒರಳಿಗೆ ಕೆಂಪಗ ಏನ್ ಹತ್ತೇತಿ?” ಎಂದಳು.

ಅಯ್ಯೋ ಶಿವನೇ! ಕಾರು ಕಳೆದುಕೊಂಡ ಬಣ್ಣ ಎಲ್ಲಿಗೆ ಹೋದೀತು? ಒರಳಿನ ಹೊಟ್ಟೆಗೆ ಬಳಿದುಕೊಂಡು ಕೂತಿತ್ತು. ಇಡೀ ದಿನ ಕಾರಿನ ಸುತ್ತ ತಿರುಗಿದವನು ಒಂದು ಸಲವೂ ಕಲ್ಲಿನ ಕಡೆ ನೋಡಿರಲಿಲ್ಲ.

“ಕುಂಕುಮ,” ಎಂದುಬಿಟ್ಟ. “ಇವತ್ತ ಅಮಾಸಿ ಅಲ್ಲ? ಹಿರ್ಯಾರು ಬಳಸಿದ ಕಲ್ಲು ಅಂತ ಪೂಜಿ ಮಾಡಿದೆ.”

ಹೆಂಡತಿ ಅವನ ಮುಖ ನೋಡಿದಳು, ಒರಳನ್ನೂ ನೋಡಿದಳು. “ಛಲೋ ಆತು. ಹಿಡಿದ ಪೂಜಿ ಬಿಡಬಾರ್ದು ಮತ್ತ,” ಎಂದು ಒಳಗೆ ಹೋದಳು.

ಅಲ್ಲಿಂದ ಶುರುವಾಯಿತು ಅವನ ಗ್ರಹಚಾರ. ಅಮಾವಾಸ್ಯೆ ಬಂದರೆ ಸಾಕು, ಮುಂಜಾನೆಯೇ ಎಬ್ಬಿಸಿ, ತಣ್ಣೀರು ಸುರಿದು, ಮಡಿ ಉಡಿಸಿ ಅವನನ್ನು ಒರಳಿನ ಮುಂದೆ ಕೂರಿಸುವಳು. ಕುಂಕುಮ, ಹೂವು, ಕಾಯಿ, ಪ್ರದಕ್ಷಿಣೆ. ಓಣಿಯವರು ಮೊದಲು ನಿಂತು ನೋಡಿದರು, ಆಮೇಲೆ ತಾವೂ ಊದಿನಕಡ್ಡಿ ಹಿಡಿದು ಬಂದರು. ಹೊಸ ಸ್ಕೂಟರ್ ಕೊಂಡವರು ಒರಳಿಗೆ ತೋರಿಸಿಕೊಂಡು ಹೋಗತೊಡಗಿದರು. ಗಾಡಿ ಗುದ್ದದಂತೆ ಕಾಯುವ ಕಲ್ಲು ಎಂದು ಅದಕ್ಕೆ ಹೆಸರು ಬಂತು. ಗುದ್ದಿದವನೇ ಅದಕ್ಕೆ ಪೂಜಾರಿ! ಪ್ರತಿ ಸಲ ಕುಂಕುಮ ಹಚ್ಚುವಾಗ ಅದರಡಿಯ ಕಾರಿನ ಬಣ್ಣ ಅವನ ಬೆರಳಿಗೆ ತಾಗುವುದು. ಆ ದಿನ ಹೋಳಿಗೆ ಬಡಿಸಿದರೂ ಅವನು ತಟ್ಟೆ ಸರಿಸಿ ಏಳುತ್ತಿದ್ದ.

ಕೊನೆಗೊಂದು ಅಮಾವಾಸ್ಯೆ, ಓಣಿಯವರೆಲ್ಲ ಕೈಮುಗಿದು ನಿಂತಿರುವಾಗ, ಆರತಿ ತಟ್ಟೆ ಕೆಳಗಿಟ್ಟು ಗಳಗಳನೆ ಅತ್ತುಬಿಟ್ಟ. “ನಾನ ಗುದ್ದಿದ್ದು! ಕುಂಕುಮ ಅಲ್ಲ, ಕಾರಿನ ಬಣ್ಣ ಅದು! ಸಾಕು ಮಾಡ ಮಾರಾಯ್ತಿ!”

“ಅವತ್ತ ಗೊತ್ತಾಗಿತ್ತು,” ಎಂದಳು ಹೆಂಡತಿ. “ನಾನು ತೊಟ್ಟಿಲ ಕಾರ್ಯಕ್ಕ ಹೋಗಿದ್ದೆ. ಅಮಾಸಿ ದಿನ ಯಾರರ ಕೂಸಿನ್ನ ತೊಟ್ಟಲಕ್ಕ ಹಾಕ್ತಾರೇನ್ರೀ? ಒಂದ್ ಮಾತ್ ಹೇಳಿದ್ದರ ನಕ್ಕು ಬಿಡ್ತಿದ್ದೆ. ನನಗ ಕಾರಿಂದು ಸಿಟ್ಟಿಲ್ಲ. ಈ ಓಣಿ ಮುಂದ ನನ್ನ ನಗಿಪಾಟಲು ಮಾಡಿದಿರಲ್ಲ, ಅದು ಇನ್ನೂ ಒಳಗ ಉರೀತೈತಿ.”

ಗೃಹಸ್ಥ ಎದ್ದು ನಿಂತು, ಹಿಂದೆ ಅವಳನ್ನು ಹೀಯಾಳಿಸಿದ ಅಷ್ಟೇ ದೊಡ್ಡ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ ಅವಳ ಕ್ಷಮೆ ಕೇಳಿದ. ಆಮೇಲೆ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರಳನ್ನು ಉಜ್ಜಲು ಕೂತ. ಹೆಂಡತಿ ನೀರು ಹಾಕಿದಳು.

ಕತೆ ಮುಗಿಯುವ ಹೊತ್ತಿಗೆ ನಕ್ಕೂ ನಕ್ಕೂ ಕೊಟ್ರಯ್ಯನ ಕಣ್ಣಲ್ಲಿ ನೀರು ಬಂದಿತ್ತು. “ಎಂಥ ಮಂಕು ಮನುಷ್ಯ ಗುರುಗಳೇ! ಕಾರನ್ನು ಅಷ್ಟು ಚೆನ್ನಾಗಿ ಸರಿಮಾಡಿದವನಿಗೆ ಕಲ್ಲಿನ ಕಡೆ ಒಮ್ಮೆ ನೋಡಬೇಕೆಂದು ಹೊಳೆಯಲಿಲ್ಲವಲ್ಲ!”

ಗುರುಗಳು ಹೇಳಿದರು: “ನಿನ್ನ ಒರಳು ಅಡುಗೆಮನೆಯಲ್ಲಿದೆ, ಕೊಟ್ರಯ್ಯ.”