ಏಳು ಚುಕ್ಕಿಗಳ ಗ್ರಾಫ್

ನೀರು ಪರೀಕ್ಷಾ ಕೇಂದ್ರವೊಂದರಲ್ಲಿ ಶಶಿರೇಖಾ ಎಂಬ ಜಾಣೆ ಕೆಲಸ ಮಾಡುತ್ತಿದ್ದಳು. ಒಂದು ಊರಿನ ಏಳು ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅವಳು ಕಂಪ್ಯೂಟರಿನ ನೋಟ್‌ಬುಕ್ಕಿನಲ್ಲಿ, ಅಂದರೆ ಲೆಕ್ಕವನ್ನೂ ಗ್ರಾಫನ್ನೂ ಒಟ್ಟಿಗೇ ಮಾಡುವ ತಂತ್ರಾಂಶದಲ್ಲಿ, ಲೆಕ್ಕ ಹಾಕಿದಳು. ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲು ಕೆಡುತ್ತದೆ, ಮೂಳೆ ಸೊರಗುತ್ತದೆ. ಅದಕ್ಕಾಗಿ ಒಂದು ಚೆಂದದ ಗ್ರಾಫ್ ಮಾಡಿದಳು. ಚುಕ್ಕಿ ಮುಟ್ಟಿದರೆ ಸಾಕು, ಬೋರಿನ ಹೆಸರೂ ಅಂಕಿಯೂ ಎದ್ದು ಬರುತ್ತಿದ್ದವು. ಕೇಂದ್ರದವರೆಲ್ಲ ಮುಟ್ಟಿ ನೋಡಿ ಹೊಗಳಿದರು. ಅವಳು ನೋಟ್‌ಬುಕ್ಕನ್ನು ವೆಬ್‌ಪುಟವಾಗಿ ಮಾರ್ಪಡಿಸಿ ಊರಿಗೆ ಕಳಿಸಿದಳು.

ಮರುದಿನ ಆ ಊರಿನ ಅಂಗನವಾಡಿಯ ಹೊನ್ನಮ್ಮ ಫೋನ್ ಮಾಡಿದರು.

"ಮೇಡಂ, ಗ್ರಾಫ್ ಇರೋ ಜಾಗ ಬರೀ ಬೆಳ್ಳಗಿದೆ. ಮಕ್ಕಳಿಗೆ ಯಾವ ಬೋರಿನ ನೀರು ತರಿಸಲಿ?"

"ನನ್ನಲ್ಲಿ ಸರಿಯಾಗೇ ಇದೆಯಲ್ಲ! ನಿಮ್ಮ ಫೋನ್ ಹಳೇದಿರಬೇಕು."

"ಫೋನು ಹಳೇದೇ ಮೇಡಂ. ಮಕ್ಕಳ ಹಲ್ಲು ಮಾತ್ರ ಹೊಸವು."

ಪಕ್ಕದಲ್ಲಿದ್ದ ಹಿರಿಯರಾದ ಅಂಬುಜಾಕ್ಷಿ ಮೇಡಂ, ಶಶಿರೇಖಾಗೆ ಕೆಲಸ ಕಲಿಸಿದವರು, ಮೆಲ್ಲಗೆ ಹೇಳಿದರು: "ನಿನ್ನ ನೋಟ್‌ಬುಕ್ ಮುಚ್ಚು. ಈಗ ನನ್ನ ಫೋನಿನಲ್ಲಿ ಆ ಪುಟ ತೆರೆ."

ಅಲ್ಲಿಯೂ ಬೆಳ್ಳಗಿತ್ತು! ನೋಟ್‌ಬುಕ್ ಓಡುತ್ತಿರುವ ತನಕ ಮಾತ್ರ ಗ್ರಾಫಿಗೆ ಅಂಕಿಗಳು ಸಿಗುತ್ತಿದ್ದವು. ಪುಟದ ಜೊತೆ ಅವು ಹೋಗಿರಲೇ ಇಲ್ಲ.

ಶಶಿರೇಖಾ ಅವಸರದಲ್ಲಿ ಗ್ರಾಫಿನ ಚಿತ್ರ ತೆಗೆದು ಪುಟಕ್ಕೆ ಅಂಟಿಸಿದಳು. ಹೊನ್ನಮ್ಮನ ಫೋನ್ ಮತ್ತೆ ಬಂತು.

"ಏಳು ಚುಕ್ಕಿ ಕಾಣ್ತವೆ ಮೇಡಂ. ಒಂದು ಮಾತ್ರ ಮೇಲಕ್ಕೆ ಹೋಗಿದೆ. ಅದು ಯಾವ ಬೋರು? ಒತ್ತಿ ಒತ್ತಿ ಬೆರಳು ಸವೀತು, ಚುಕ್ಕಿ ಬಾಯಿ ಬಿಡ್ತಿಲ್ಲ."

ಶಶಿರೇಖಾ ಆ ಮೇಲಿನ ಚುಕ್ಕಿಯನ್ನೇ ನೋಡಿದಳು. ಆ ಒಂದು ಬೋರಿನ ನೀರನ್ನೇ ಮಕ್ಕಳು ಕುಡಿಯುತ್ತಿದ್ದರೆ?

ಅವಳು ಹೊಗಳಿಕೆಯನ್ನೆಲ್ಲ ಮರೆತು ಕೂತಳು. ಪ್ರತಿ ಚುಕ್ಕಿಯ ಪಕ್ಕದಲ್ಲಿ ಬೋರಿನ ಹೆಸರು ಬರೆದ ಚಿತ್ರವೊಂದನ್ನು ಇಟ್ಟಳು. ಕುಡಿಯುವ ನೀರಿನಲ್ಲಿ ಫ್ಲೋರೈಡಿನ ಮಿತಿ ಎಲ್ಲಿಯವರೆಗೆ ಎಂದು ಕೆಂಪು ಗೆರೆ ಎಳೆದಳು. ಕೆಳಗೆ ಅಂಕಿಗಳ ಪಟ್ಟಿ ಕೊಟ್ಟಳು. ಮುಟ್ಟಿ ನೋಡುವ ಗ್ರಾಫನ್ನೂ ಬಿಡಲಿಲ್ಲ; ಅದಕ್ಕೆ ಬೇಕಾದ ಅಂಕಿಗಳನ್ನೆಲ್ಲ ಈ ಸಲ ಪುಟದೊಳಗೇ ಸೇರಿಸಿದಳು. ನೋಟ್‌ಬುಕ್ ಮುಚ್ಚಿ, ಕೇಂದ್ರದ ಕಾವಲುಗಾರರ ಫೋನಿನಲ್ಲಿ ತೆರೆದು ನೋಡಿ, ಆಮೇಲೆ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಹೊನ್ನಮ್ಮನ ದನಿ ಕೇಳಿಸಿತು. "ಅಯ್ಯೋ, ಕೆಂಪು ಗೆರೆ ದಾಟಿರೋದು ನಮ್ಮ ಹಿತ್ತಲ ಬೋರೇ! ಬೆಳಿಗ್ಗೆ ಎರಡು ಬಿಂದಿಗೆ ತುಂಬಿಸಿಟ್ಟಿದ್ದೆ. ಇರಲಿ, ಪಾತ್ರೆ ತೊಳೆಯೋಕೆ ಆಗುತ್ತೆ. ಕುಡಿಯೋಕೆ ಕಟ್ಟೆ ಹತ್ತಿರದ ಬೋರಿಂದ ತರಿಸ್ತೀನಿ."

ನೀತಿ: ನಮ್ಮ ಕಣ್ಣೆದುರು ಸರಿಯಾಗಿ ಕಂಡಿತೆಂದರೆ ಕೆಲಸ ಅರ್ಧ ಮಾತ್ರ ಆಯಿತು. ನಾವು ಪಕ್ಕದಲ್ಲಿಲ್ಲದಾಗಲೂ ಓದುವವರಿಗೆ ಅದು ಪೂರ್ತಿ ತಿಳಿಯಬೇಕು. ಬರೆದು ಕಳಿಸುವ ಮುನ್ನ ಅವರ ಜಾಗದಲ್ಲಿ ನಿಂತು ಒಮ್ಮೆ ನೋಡಿ.