ಉರಿಯುವ ಹಿಮಗಡ್ಡೆ

"ಕೇಳಿರಪ್ಪೋ ಕೇಳಿ! ಕಡಲಾಳದ ಬಿಳಿಗಡ್ಡೆಯ ಬಗ್ಗೆ ರಾಣಿ ಹೊನ್ನಾಂಬೆಯವರದು ಮೂರು ಒಗಟು. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರನ್ನು ಕಡಲ ಬಂಡೆಗೆ ಕಟ್ಟಿ ಉಬ್ಬರಕ್ಕೆ ಬಿಡಲಾಗುವುದು!" ಎಂದು ಡಂಗುರದವನು ಸಾರಿದ.

ಆ ಗಡ್ಡೆ ಹೇರಿದ್ದ ಹಡಗು ನಡುಕಡಲಲ್ಲಿ ಹೊತ್ತಿ ಉರಿದು ರಾಣಿಯ ಗಂಡ ಸತ್ತಿದ್ದ. ಯಾಕೆಂದು ತಿಳಿಯುವ ತನಕ ಅವಳಿಗೆ ನಿದ್ದೆಯಿರಲಿಲ್ಲ, ಕರುಣೆಯೂ ಇರಲಿಲ್ಲ.

ಕುಂಬಾರ ದುಗ್ಗಪ್ಪ ಅರಮನೆಗೆ ಓಡಿದ. ಅಂದು ಬೆಳಿಗ್ಗೆ ಉತ್ತರ ತಪ್ಪಿದ ಅವನ ಅಣ್ಣ ಕೆಂಚಣ್ಣನನ್ನು ಆಗಲೇ ಬಂಡೆಯ ಮೇಲೆ ಕಟ್ಟಿಹಾಕಿದ್ದರು.

ದುಗ್ಗಪ್ಪನ ಮುಂದೆ ಮುತ್ತಿನ ವ್ಯಾಪಾರಿಯೊಬ್ಬ ನಿಂತಿದ್ದ. "ನೋಡಿದರೆ ಹಿಮ, ಕಿಡಿ ತಾಗಿದರೆ ಉರಿ. ನೀರು ಉರಿಯುವುದುಂಟೇ?" ಎಂದಳು ರಾಣಿ.

"ಮಾಟ, ತಾಯಿ!"

ಭಟರು ಅವನನ್ನು ಎಳೆದೊಯ್ದರು. ಜೋಯಿಸನೊಬ್ಬ "ವರುಣನ ಕೋಪ" ಅಂದ. ಅವನಿಗೂ ಅದೇ ಗತಿ. ಹೊರಗೆ ಅಲೆಯ ಸದ್ದು ಏರುತ್ತಿತ್ತು.

ದುಗ್ಗಪ್ಪನ ಸರದಿ ಬಂತು. ರಾಣಿಯ ಮುಂದಿದ್ದ ಬಿಳಿಗಡ್ಡೆಗೆ ಕಿವಿಯಿಟ್ಟ. ಒಳಗೆ ಗಾಳಿಗುಳ್ಳೆ ಒಡೆಯುವಂಥ ಚಿಟಿಚಿಟಿ ಸದ್ದು.

"ನೀರು ಉರಿಯೋದಿಲ್ಲ, ತಾಯಿ. ಹೆಪ್ಪುಗಟ್ಟಿದ ನೀರು ಪಂಜರವಾಗಿದೆ. ಅದರೊಳಗೆ ಸೆರೆಯಾಗಿರುವ ಗಾಳಿ ಉರಿಯುತ್ತೆ."

ರಾಣಿ ಒಂದೇ ಅಳತೆಯ, ಒಂದೇ ಸಮ ಕೊರೆಯುವ ಎರಡು ಗಡ್ಡೆ ತರಿಸಿದಳು. "ಒಂದು ಬರೀ ಹಿಮ, ಇನ್ನೊಂದು ಇದು. ಒಡೆಯದೆ, ಉರಿಸದೆ ಹೇಳು, ಯಾವುದು ಯಾವುದು?"

ದುಗ್ಗಪ್ಪ ಎರಡರ ಮೇಲೂ ಒಂದೊಂದು ಹನಿ ನೀರು ಬಿಟ್ಟ. ಕಾದು ನೋಡಿದ. ಎಡಗಡೆಯ ಹನಿ ಬೇಗ ಗಟ್ಟಿಯಾಯಿತು.

"ಎಡಗಡೆಯದು ಹಿಮ. ಅದು ಹನಿಯ ಶಾಖವನ್ನು ಸರಕ್ಕನೆ ಎಳೆದುಕೊಂಡಿತು. ಬಲಗಡೆಯದರಲ್ಲಿ ಸೆರೆಯಾದ ಗಾಳಿ ಅಡ್ಡಬಂದು ಶಾಖ ನಿಧಾನವಾಗಿ ಹರಿಯುತ್ತೆ."

ರಾಣಿ ಮುಂದಕ್ಕೆ ಬಾಗಿದಳು. "ಕರಗುವ ಗಡ್ಡೆಗೆ ಬಿಸಿ ಕಲ್ಲು ಇಟ್ಟಷ್ಟೂ ಶಾಖ ನುಂಗುತ್ತೆ, ಬಿಸಿ ಮಾತ್ರ ಏರುವುದಿಲ್ಲ. ಆ ಶಾಖ ಹೋಯಿತೆಲ್ಲಿಗೆ?"

ಕೆಂಚಣ್ಣ ತಪ್ಪಿದ್ದು ಇಲ್ಲೇ. ಹೊರಗೆ ಉಬ್ಬರದ ನಗಾರಿ ಬಡಿಯಿತು. ದುಗ್ಗಪ್ಪನಿಗೆ ತಾನು ಮಡಕೆ ಸುಡುವ ಆವಿಗೆ ನೆನಪಾಯಿತು.

"ತಾಯಿ... ಹಸಿ ಮಡಕೆ ಆವಿಗೆಯಲ್ಲಿ ಮೊದಲು ಕೆಂಪಾಗೋದಿಲ್ಲ. ನೀರು ಆರುವ ತನಕ ಬೆಂಕಿಯೆಲ್ಲ ಅದಕ್ಕೇ ಖರ್ಚು. ಇಲ್ಲಿ ಶಾಖವೆಲ್ಲ ಪಂಜರ ಮುರಿಯೋದಕ್ಕೆ ಹೋಗುತ್ತೆ. ಮುರಿದಷ್ಟೂ ಗಾಳಿ ಹೊರಬರುತ್ತೆ. ಹಡಗಿನ ಒಡಲು ಬಿಸಿಯಾಗಿ, ಗಾಳಿ ತುಂಬಿ, ಯಾವುದೋ ದೀಪದ ಕಿಡಿ..."

ರಾಣಿ ಮುಖ ಮುಚ್ಚಿಕೊಂಡು ಅತ್ತಳು. ಕಣ್ಣೊರೆಸಿಕೊಂಡು, "ಏನು ಬೇಕಪ್ಪಾ?" ಅಂದಳು.

"ಬಂಡೆ ಮೇಲಿರೋರೆಲ್ಲ ಬೇಕು, ತಾಯಿ. ಬೇಗ!"

ಮೊದಲ ಅಲೆ ಕಟ್ಟಿದವರ ಕಾಲು ತೋಯಿಸುವಷ್ಟರಲ್ಲಿ ಭಟರು ಕೆಂಚಣ್ಣನ, ಉಳಿದವರ ಹಗ್ಗ ಬಿಚ್ಚಿದರು. ರಾಣಿ ದುಗ್ಗಪ್ಪನನ್ನು ಬಂದರಿನಲ್ಲಿ ಸರಕಿನ ಶಾಖ ಪರೀಕ್ಷಿಸುವ ಅಧಿಕಾರಿಯಾಗಿ ನೇಮಿಸಿದಳು. ಆ ಬಂದರಿನಿಂದ ಹೋದ ನಾವಿಕರು ಇಂದಿಗೂ ಸುರಕ್ಷಿತವಾಗಿ ಮನೆಗೆ ಮರಳುತ್ತಿದ್ದಾರೆ.